ಹಿಂಬದಿ ಇಲ್ಲದ ಪುಸ್ತಕ

ನಮ್ಮಣ್ಣ ವೆಂಕಟಸುಬ್ಬಯ್ಯನಿಗೆ ತಟ್ಟೆಯ ಮುಂದೆ ಪೇಪರ್ ಬಿಡಿಸದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಬೆಂಗಳೂರಿನಿಂದ ಒಂದು ದಿನ ತಡವಾಗಿ ಚೆಂಬೂರಿಗೆ ಬರುವ ಕನ್ನಡ ಪೇಪರನ್ನು ನೀರಿನ ಚೊಂಬಿಗೆ ಒರಗಿಸಿಕೊಂಡು ಅದರ ಹಿಂದೆ ಮಾಯವಾಗುತ್ತಾನೆ. ಎದುರಿಗೆ ಕೂತ ನಮ್ಮತ್ತಿಗೆ ಪುಟ್ಟಲಕ್ಷ್ಮಿಗೆ ಗಂಡನ ಮುಖದ ಬದಲು ಕಾಣುವುದು ಪೇಪರಿನ ಕೊನೆಯ ಪುಟ. ಅಲ್ಲಿ ಬರುವುದು ಆಟೋಟದ ಸುದ್ದಿ. ಹೀಗಾಗಿ ಜೀವಮಾನದಲ್ಲಿ ಒಂದು ಚೆಂಡನ್ನೂ ಮುಟ್ಟದ ನಮ್ಮತ್ತಿಗೆಗೆ ಯಾರು ಶತಕ ಹೊಡೆದರು, ಯಾರು ಸೊನ್ನೆಗೆ ಔಟಾದರು ಎಲ್ಲ ಬಾಯಿಪಾಠ. ದೆಹಲಿಯಲ್ಲಿ ಸರ್ಕಾರ ಬಿದ್ದರೆ ಮಾತ್ರ ಪಕ್ಕದ ಮನೆಯವರು ಬಂದು ಹೇಳಬೇಕು.

ಈ ಸಂಸಾರವನ್ನು ನೋಡಿಕೊಂಡು ಬೆಳೆದ ಅವರ ಮಗಳು ವನಮಾಲಾ ಮದುವೆಗೆ ಒಂದೇ ಒಂದು ಷರತ್ತು ಹಾಕಿದ್ದಳು. "ಕೌಸಲ್ಯತ್ತೆ, ಹುಡುಗ ಹೇಗಾದ್ರೂ ಇರ್ಲಿ, ಓದ್ಕೊಂಡು ನಮ್ಮಿಂದ ಬಚ್ಚಿಟ್ಕೊಳ್ಳೋನು ಮಾತ್ರ ಬೇಡ" ಎಂದು ನನಗೆ ಖಡಾಖಂಡಿತವಾಗಿ ಹೇಳಿದ್ದಳು. ಬ್ಯಾಂಕಿನಲ್ಲಿ ದುಡಿಯುವ ಹುಡುಗಿ, ಅವಳ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ತಳ್ಳಿಹಾಕುವ ಮನಸ್ಸೂ ನನಗಿರಲಿಲ್ಲ.

ತೊಂಬತ್ತೆರಡನೇ ಇಸವಿ, ಸಂಕ್ರಾಂತಿ ಕಳೆದ ಭಾನುವಾರ ಜಯಸಿಂಹ ಹೆಣ್ಣು ನೋಡಲು ಬಂದ. ಜೊತೆಗೆ ಅವನನ್ನು ಸಾಕಿ ಬೆಳೆಸಿದ ಸೋದರಮಾವ ರಾಮಸ್ವಾಮಿ. ಮೈಸೂರಿನ ಮನೆತನ, ಹುಡುಗ ಹುಟ್ಟಿ ಬೆಳೆದದ್ದೆಲ್ಲ ಬೊರಿವಲಿಯಲ್ಲಿ. ಇಂಜಿನಿಯರು, ಕಂಪನಿಯವರು ತರಬೇತಿಗೆಂದು ಜಪಾನಿಗೂ ಕಳಿಸಿದ್ದರು. ಈ ಸಂಬಂಧ ಹುಡುಕಿ ತಂದವಳು ನಾನೇ ಆದ್ದರಿಂದ ಬೆಳಗಿನಿಂದ ನಾನು ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಿದ್ದೆ.

ಕೇಸರಿಬಾತ್ ಅರ್ಧ ಆಗಿತ್ತು. ರಾಮಸ್ವಾಮಿಯವರಿಗೆ ತಡೆಯಲಾಗಲಿಲ್ಲ. "ಆ ಜಪಾನಿ ಪುಸ್ತಕ ತೋರ್ಸೋ ಇವ್ರಿಗೆ" ಎಂದರು. ಹುಡುಗ ನಾಚುತ್ತ ಬ್ಯಾಗಿನಿಂದ ಟಿಫಿನ್ ಡಬ್ಬಿಯಂಥ ಕಪ್ಪು ಯಂತ್ರವೊಂದನ್ನು ತೆಗೆದ. ಮುಚ್ಚಳ ಎತ್ತಿದರೆ ಒಳಗೆ ಅರ್ಧ ಪೋಸ್ಟ್‌ಕಾರ್ಡಿನಷ್ಟು ಗಾಜು, ಕೆಳಗೆ ಸಾಲು ಸಾಲು ಗುಂಡಿಗಳು. ಪುಟಾಣಿ ಡಿಸ್ಕುಗಳನ್ನು ಇದರ ಹೊಟ್ಟೆಗೆ ಹಾಕಬೇಕಂತೆ. ಒಂದು ಡಿಸ್ಕಿನಲ್ಲಿ ಇಡೀ ಇಂಗ್ಲಿಷ್ ಡಿಕ್ಷನರಿ, ಇನ್ನೊಂದರಲ್ಲಿ ಕಪಾಟು ತುಂಬುವಷ್ಟು ಪತ್ತೇದಾರಿ ಕಥೆಗಳು.

ಅಣ್ಣ ತಟ್ಟೆ ಬದಿಗಿಟ್ಟು ಅದನ್ನು ಕೈಗೆ ತೆಗೆದುಕೊಂಡ. ಡಿಕ್ಷನರಿ ಹಾಕಿಸಿಕೊಂಡು ಒಂದೊಂದೇ ಗುಂಡಿ ಒತ್ತಿ, ತಾನು ಕೆಲಸ ಮಾಡುವ ಜಾಗವೆಂದು, 'ರಿಫೈನರಿ' ಎಂಬ ಪದ ಕೊಟ್ಟ. ಯಂತ್ರ ಸ್ವಲ್ಪ ಹೊತ್ತು ಗುರ್ ಎಂದು ಯೋಚಿಸಿ ಅರ್ಥ ತಂದುಕೊಟ್ಟಿತು. "ನಮ್ಮಾಫೀಸಿನ ರೆಕಾರ್ಡ್ ರೂಮಲ್ಲಿ ಒಂದು ಫೈಲ್ ಹುಡುಕೋಕೆ ವಾರ ಬೇಕು" ಎಂದು ಅಣ್ಣ ಬೆರಗಾದ. ನಾನೂ ಪಕ್ಕದಿಂದ ಇಣುಕಿದೆ. ಕರಿ ಗಾಜು ಬಿಟ್ಟರೆ ಏನೂ ಕಾಣಲಿಲ್ಲ. ಸಾಸಿವೆಯಷ್ಟು ಸಣ್ಣ ಅಕ್ಷರ, ಅದೂ ನೆಟ್ಟಗೆ ಗಾಜಿನ ಎದುರಿಗೆ ಕೂತವರಿಗೆ ಮಾತ್ರ ಕಾಣುತ್ತದಂತೆ.

ಅಲ್ಲಿಗೆ ಅಣ್ಣ ನಮ್ಮ ಪಾಲಿಗೆ ಇಲ್ಲವಾದ. ಪದದ ಮೇಲೆ ಪದ ಹುಡುಕುತ್ತ ಕೂತ. ಅವನ ಕಾಫಿಯ ಮೇಲೆ ಕೆನೆ ಕಟ್ಟಿತು. ರಾಮಸ್ವಾಮಿಯವರು ಸೀಲಿಂಗ್ ಫ್ಯಾನ್ ನೋಡಿದರು, ಹುಡುಗ ತನ್ನ ಸಾಕ್ಸ್ ನೋಡಿಕೊಂಡ. ಎದುರಿಗೆ ಕೂತ ಅತ್ತಿಗೆ ಅಭ್ಯಾಸಬಲದಿಂದ ಗಂಡನ ಕಡೆ ದೃಷ್ಟಿ ನೆಟ್ಟಿದ್ದಳು. ಈ ಸಲ ಅವಳ ಪಾಲಿಗೆ ಬರೀ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬಂದಿತ್ತು.

ವನಮಾಲಾ ಅದನ್ನು ನೋಡಿದಳು. ತಟ್ಟೆ ಎತ್ತುವ ನೆಪದಲ್ಲಿ ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಓಡಿದೆ.

"ಅತ್ತೆ, ಇದು ಆಗಲ್ಲ. ಅಪ್ಪನ ಪೇಪರ್‌ಗೆ ಹಿಂದ್ಗಡೆ ಅಂತ ಒಂದಿದೆ, ಅಷ್ಟಾದ್ರೂ ಅಮ್ಮಂಗೆ ಸಿಗತ್ತೆ. ಇದಕ್ಕೆ ಹಿಂದ್ಗಡೇನೇ ಇಲ್ಲ" ಎಂದಳು.

ನನಗೆ ಸಿಟ್ಟು ಬಂತು. ಯಂತ್ರದ ಮೇಲೆ, ಅಣ್ಣನ ಮೇಲೆ, ಸ್ವಲ್ಪ ಅವಳ ಮೇಲೂ. "ನನ್ನ ಹತ್ರ ಯಾಕೆ ಹೇಳ್ತೀಯ? ಮದುವೆ ಆಗೋನು ಹೊರಗಡೆ ಕೂತಿದಾನೆ. ಅವನಿಗೇ ಹೇಳು" ಎಂದೆ. ಹುಡುಗಿ ನಿಜವಾಗಿಯೂ ಹೋಗಿ ಹೇಳಿಯೇಬಿಡುತ್ತಾಳೆಂದು ನಾನು ಎಣಿಸಿರಲಿಲ್ಲ.

ಹೋದಳು, ಎಲ್ಲರ ಮುಂದೆಯೇ ಕೇಳಿದಳು: "ನೀವು ಮನೇಲೂ ಇದನ್ನ ಹೀಗೇ ಓದ್ತೀರಾ? ಪಕ್ಕದಲ್ಲಿ ಕೂತವರಿಗೆ ಏನು ಸಿಗತ್ತೆ?"

ಜಯಸಿಂಹನ ಕಿವಿ ಕೆಂಪಾಯಿತು. ಅವನ ಕನ್ನಡ ಹಿಂದಿ ಬೆರೆಸಿಕೊಂಡು ತಡವರಿಸುತ್ತ ಬಂತು. "ಇದು... ಮತ್ಲಬ್, ಲೋಕಲ್ ಟ್ರೇನ್‌ನಲ್ಲಿ ಬೆಸ್ಟು. ಒಂದ್ ಕೈ ಮೇಲ್ಗಡೆ ಹಿಡ್ಕೊಂಡಿರತ್ತೆ, ಪೇಪರ್ ಬಿಡಿಸೋಕೆ ಜಗಾನೇ ಇರಲ್ಲ. ಇದಕ್ಕೆ ಒಂದು ಹೆಬ್ಬೆಟ್ಟು ಸಾಕು. ಗೊತ್ತಿಲ್ದಿರೋ ವರ್ಡ್ ಬಂದ್ರೆ ಡಿಸ್ಕ್ ಬದಲಾಯ್ಸಿ ನೋಡ್ಬಹುದು." ಅಷ್ಟಕ್ಕೆ ನಿಲ್ಲಿಸಿದ್ದರೆ ಸಂಬಂಧ ಅಲ್ಲೇ ಮುಗಿಯುತ್ತಿತ್ತೇನೋ. ಅವನು ತಲೆ ಕೆರೆದುಕೊಂಡು ಮುಂದುವರಿಸಿದ. "ಲೇಕಿನ್ ಮುಂಚೆ ಪೇಪರ್ ಇದ್ದಾಗ ಒಬ್ರು ಒಳಗಿನ ಶೀಟ್ ಕೇಳ್ತಿದ್ರು, ಇನ್ನೊಬ್ರು ಹಿಂದ್ಗಡೆದು ಓದ್ತಿದ್ರು. ಬಾಂದ್ರಾ ಬರೋದ್ರಲ್ಲಿ ಜಗಳಾನೂ ಆಗ್ತಿತ್ತು. ಇದು ಬಂದ್ಮೇಲೆ ಯಾರೂ ನನ್ ಜೊತೆ ಮಾತಾಡಲ್ಲ. ಕಥೆ ಚೆನ್ನಾಗಿದೆ ಅಂತ ಹೇಳೋಕೂ ಯಾರೂ ಇಲ್ಲ."

"ಹಾಗಾದ್ರೆ ಈಗ ಹೇಳಿ" ಎಂದಳು ವನಮಾಲಾ. "ಅಮ್ಮಂಗೆ ಇಂಗ್ಲಿಷ್ ಬರಲ್ಲ. ಕನ್ನಡದಲ್ಲೇ ಹೇಳ್ಬೇಕು."

ಅಣ್ಣನ ಕೈಯಿಂದ ಯಂತ್ರ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಜಯಸಿಂಹ ಕಥೆಯ ಡಿಸ್ಕು ಹಾಕಿ, ಕುರ್ಚಿ ಎಳೆದುಕೊಂಡು ಅತ್ತಿಗೆಯ ಎದುರಿಗೇ ಕೂತ. ಹಳೆಯ ಬಂಗಲೆ, ಒಬ್ಬಳು ಶ್ರೀಮಂತ ಮುದುಕಿ ಸತ್ತಿದ್ದಾಳೆ, "ದರ್ವಾಜಾ ಅಂದರ್‌ನಿಂದ ಬಂದ್ ಇತ್ತು ಆಂಟಿ." ಮನೆಯಲ್ಲಿದ್ದವರು ಮೂವರೇ, ಅಡುಗೆಯವಳು, ಸೋದರಳಿಯ, ಡಾಕ್ಟರು. ರಾತ್ರಿ ಮುದುಕಿ ಕುಡಿದ ಹಾಲಿನಲ್ಲಿ ವಿಷವಿತ್ತು. ಗಾಜು ಅಷ್ಟು ಚಿಕ್ಕದು, ನಾಲ್ಕೈದು ಸಾಲಿಗೆಲ್ಲ ಪುಟ ಮುಗಿಯುತ್ತಿತ್ತು. ಮುಂದಿನ ಪುಟ ಬರಲು ಯಂತ್ರ ಗುರುಗುಡುವಷ್ಟು ಹೊತ್ತೂ ಹುಡುಗ ತಲೆಯೆತ್ತಿ ಅತ್ತಿಗೆಯ ಮುಖ ನೋಡಿಕೊಂಡು ಕಥೆ ಹೇಳುತ್ತಿದ್ದ. ದೊಡ್ಡ ಪುಟವಾಗಿದ್ದರೆ ಅವನೂ ಅದರಲ್ಲೇ ಮುಳುಗಿಬಿಡುತ್ತಿದ್ದನೋ ಏನೋ, ಈ ಬಡಪಾಯಿ ಗಾಜು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

ಅತ್ತಿಗೆ ಮೊದಲು ಸುಮ್ಮನೆ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಡಾಕ್ಟ್ರು ಹಾಲು ಕುಡಿದ್ರಾ, ಇಲ್ವಾ?"

ಹುಡುಗ ಹಿಂದಿನ ಪುಟಕ್ಕೆ ಹೋಗಿ ಹುಡುಕಿ, "ಕುಡೀಲಿಲ್ಲ ಆಂಟಿ. ಪಕ್ಕಾ ಕುಡೀಲಿಲ್ಲ" ಎಂದ.

"ಹಾಗಾದ್ರೆ ಅವನೇ ಕೊಂದಿರೋದು."

"ಇಲ್ಲಮ್ಮ, ಸೋದರಳಿಯ" ಎಂದಳು ವನಮಾಲಾ. ರಾಮಸ್ವಾಮಿಯವರು ಅಡುಗೆಯವಳ ಮೇಲೆ ಅನುಮಾನಪಟ್ಟರು. ಅಣ್ಣ ಕೂಡ ಕುರ್ಚಿ ಹತ್ತಿರ ಎಳೆದುಕೊಂಡ. ಕಥೆಯೊಳಗೆ ಪೊಲೀಸ್ ಅಧಿಕಾರಿ ಮೂವರನ್ನೂ ನಡುಮನೆಯಲ್ಲಿ ಕೂರಿಸಿ, "ಕೊಲೆ ಮಾಡಿದವರು ಈ ಕೋಣೆಯಲ್ಲೇ ಇದ್ದಾರೆ" ಎಂದ. ಅಷ್ಟರಲ್ಲಿ ಯಂತ್ರ ಕೀಚ್ ಎಂದು ಸದ್ದು ಮಾಡಿ ಕಣ್ಣು ಮುಚ್ಚಿತು.

"ಬ್ಯಾಟರಿ ಖತಂ" ಎಂದ ಜಯಸಿಂಹ, ತಾನೇ ಕೊಲೆ ಮಾಡಿದವನ ಮುಖ ಹೊತ್ತು.

ಪ್ಲಗ್ಗಿಗೆ ಹಾಕಿ ಎಂದು ಅಣ್ಣ ಹಾರಾಡಿದ. ಚಾರ್ಜರು ಜಪಾನಿನ ಕರೆಂಟಿನದಂತೆ. ನಮ್ಮ ಕರೆಂಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದಂತೆ. ನಡುವೆ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಬೇಕು, ಅದು ಬೊರಿವಲಿಯ ಮನೆಯಲ್ಲಿದೆ. ನಮ್ಮ ಮನೆಯ ಮೇಜಿನ ಮೇಲಿನ ಪೇಪರ್ ಯಾವತ್ತೂ ಹೀಗೆ ಕೈಕೊಟ್ಟಿರಲಿಲ್ಲ.

ಆಗ ಅತ್ತಿಗೆ, ಯಾರನ್ನೂ ಕೇಳದೆ, "ಮುಂದಿನ ಭಾನುವಾರ ನಾವೇ ನಿಮ್ಮನೆಗೆ ಬರ್ತೀವಿ" ಎಂದುಬಿಟ್ಟಳು.

ನಮ್ಮಲ್ಲಿ ಹೆಣ್ಣಿನ ಕಡೆಯವರು ತಾವಾಗಿ ಗಂಡಿನ ಮನೆ ನೋಡಲು ಹೊರಟರೆಂದರೆ ಸಂಬಂಧ ಒಪ್ಪಿದರೆಂದೇ ಅರ್ಥ. ರಾಮಸ್ವಾಮಿಯವರ ಮುಖ ಅರಳಿತು. "ತುಂಬಾ ಸಂತೋಷ ಕಣಮ್ಮ" ಎಂದು ಕೈ ಮುಗಿದರು.

ಅತ್ತಿಗೆಗೆ ಆಗ ಹೊಳೆಯಿತು. "ಅಯ್ಯೋ, ನಾನು ಆ ಕಥೇಲಿ ಡಾಕ್ಟ್ರೇ ಕೊಂದದ್ದಾ ಅಂತ ತಿಳ್ಕೊಳ್ಳೋಕೆ ಅಂದದ್ದು" ಎಂದು ತೊದಲಿ ಮಗಳ ಕಡೆ ನೋಡಿದಳು. ನಾನೂ ನೋಡಿದೆ. ವನಮಾಲಾ ಮಾತ್ರ ತನ್ನ ತಾಯಿಯನ್ನು ನೋಡುತ್ತಿದ್ದಳು. ಅತ್ತಿಗೆಯ ಕೆನ್ನೆ ಕೆಂಪಾಗಿತ್ತು, ಸೆರಗು ಜಾರಿದ್ದು ಗೊತ್ತಿರಲಿಲ್ಲ. ಆ ಮನೆಯಲ್ಲಿ ಅವಳು ಕೇಳಿದ ಪ್ರಶ್ನೆಗೆ ಒಬ್ಬರು ಪುಟ ಹಿಂದಕ್ಕೆ ತಿರುಗಿಸಿ ಉತ್ತರ ಹುಡುಕಿ ಕೊಟ್ಟದ್ದು ಅದೇ ಮೊದಲು.

"ಅಮ್ಮ ಹೇಳಿದ್ದು ಸರಿ. ಬರ್ತೀವಿ" ಎಂದಳು ವನಮಾಲಾ. "ನಾನೂ ಬರ್ತೀನಿ." ಆಮೇಲೆ ಹುಡುಗನ ಕಡೆ ತಿರುಗಿದಳು. "ಆದ್ರೆ ಈ ವಾರ ಲೋಕಲ್‌ನಲ್ಲಿ ನೀವೊಬ್ರೇ ಮುಂದೆ ಓದ್ಬಿಡ್ಬಾರ್ದು."

ಜಯಸಿಂಹ ಆಣೆ ಪ್ರಮಾಣ ಏನೂ ಮಾಡಲಿಲ್ಲ. ಯಂತ್ರದ ಹೊಟ್ಟೆ ತೆರೆದು, ಕಥೆಯ ಡಿಸ್ಕನ್ನು ಉಗುರಿನಿಂದ ಮೀಟಿ ತೆಗೆದು ಅವಳ ಅಂಗೈಯಲ್ಲಿಟ್ಟ. "ಇದು ನಿಮ್ ಹತ್ರಾನೇ ಇರ್ಲಿ. ಬರುವಾಗ ತಗೊಂಡ್ಬನ್ನಿ" ಎಂದ.

ವನಮಾಲಾ ಬೆರಳು ಮಡಚಿಕೊಂಡಳು. ಅಣ್ಣ ಎದ್ದು ಗೋಡೆಯ ಕ್ಯಾಲೆಂಡರಿನ ಬಳಿ ಹೋದ. ಕನ್ನಡಕ ಸರಿಮಾಡಿಕೊಂಡು ಮುಂದಿನ ಭಾನುವಾರದ ತಿಥಿ, ನಕ್ಷತ್ರ, ರಾಹುಕಾಲ ಎಲ್ಲವನ್ನೂ ಅತ್ತಿಗೆಗೆ ಕೇಳುವಂತೆ ಗಟ್ಟಿಯಾಗಿ ಓದಿದ.