ಅಮ್ಮಣಿಯ ದೂರಿನಲ್ಲಿ ಬಿಟ್ಟುಹೋದ ಮಾತು

ನಮ್ಮೂರಿನಲ್ಲಿ ಯಾರು ಕಾಣೆಯಾದರೂ ಮೊದಲು ಜೋಯಿಸರ ಮನೆಗೆ ಓಟ, ಆಮೇಲೆ ಠಾಣೆಗೆ. ಠಾಣೆಗೆ ಹೋಗುವ ಮುಂಚೆ ನನ್ನ ಮನೆಗೆ. ನಾನು ಸತ್ಯವತಿ, ಅಂಗನವಾಡಿಯಲ್ಲಿ ಟೀಚರಾಗಿದ್ದವಳು. ಸೀತಾಂಗೋಳಿಯಿಂದ ಒಳಗಿರುವ ನಮ್ಮ ಊರಿನ ಅರ್ಧ ಅರ್ಜಿಗಳನ್ನು ಬರೆದುಕೊಟ್ಟವಳು ನಾನೇ. ನನ್ನ ಅಕ್ಷರ ಚಂದ ಎಂದು ಜನ ಹೊಗಳುತ್ತಾರೆ. ಆ ಜಂಬಕ್ಕೆ ಒಂದು ಜೀವವೇ ಹೋಗುವುದರಲ್ಲಿತ್ತು.

2012ರ ಮಾರ್ಚ್ ತಿಂಗಳು. ನೆರೆಮನೆಯ ಅಮ್ಮಣಿಯ ಗಂಡ ಲೋಕಯ್ಯ ಬುಧವಾರ ಬೆಳಿಗ್ಗೆ ಪಿಕ್ಕಾಸು ಹಿಡಿದು ಹೋದವನು ಶುಕ್ರವಾರವಾದರೂ ಬರಲಿಲ್ಲ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರಿಸುವುದು ಅವನ ಕೆಲಸ. ಎಲ್ಲಿಗೆ ಹೋಗುತ್ತೇನೆಂದು ಹೇಳಿರಲಿಲ್ಲ.

ಅಮ್ಮಣಿ ನನ್ನ ಜಗಲಿಯಲ್ಲಿ ಕೂತು ಇನ್ನೊಂದು ಸಂಗತಿಯನ್ನೂ ಹೇಳಿದಳು. ಬುಧವಾರ ಮಧ್ಯಾಹ್ನ ಅವಳು ಗುಡ್ಡದ ಮೇಲೆ ಹುಲ್ಲು ಕೊಯ್ಯುತ್ತಿದ್ದಾಗ, ಕೆಳಗಿನ ಬತ್ತಿದ ಹಳೆಯ ಸುರಂಗದ ಕಡೆಯಿಂದ ಯಾರೋ ಅವಳ ಹೆಸರು ಹಿಡಿದು ಕರೆದರಂತೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಗಾಳಿ ಇರಲಿಲ್ಲ, ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಮೂರನೆಯ ಕರೆಗೆ ಕಾದಳು, ಬರಲಿಲ್ಲ. ಮೂರು ಸಲ ಕರೆಯದೆ ಓಗೊಡಬಾರದೆಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಎರಡೇ ಸಲ ಕರೆದು ನಿಲ್ಲಿಸುವುದು ಮನುಷ್ಯರಲ್ಲ. ಹುಲ್ಲಿನ ಕಟ್ಟನ್ನು ಅಲ್ಲೇ ಬಿಟ್ಟು ಅವಳು ಮನೆಗೆ ಓಡಿದ್ದಳು.

ನನಗೂ ಮೈ ಜುಮ್ಮೆಂದಿತು. ಆದರೂ ಇದನ್ನೆಲ್ಲ ಬರೆದರೆ ಪೊಲೀಸರು ನಗುತ್ತಾರೆ ಎಂದು ಅವಳನ್ನೇ ಗದರಿದೆ. ಆ ಮಾತನ್ನು ಬಿಟ್ಟು ಎರಡು ಪುಟ ತುಂಬಿಸಿದೆ. ಬಡ ಕುಟುಂಬ, ಕಣ್ಣೀರ ಕೋಡಿ, ವೈರಿಗಳು ಅಪಹರಿಸಿರುವ ಶಂಕೆ, ಕಠಿಣ ಕ್ರಮ. ಇರುವೆಯನ್ನೂ ತುಳಿಯದೆ ದಾಟಿ ಹೋಗುವ ಲೋಕಯ್ಯನಿಗೆ ವೈರಿಗಳು ಎಲ್ಲಿಂದ ಬರಬೇಕು?

ಠಾಣೆಯಲ್ಲಿ ಮುಹ್ಸಿನಾ ಎಂಬ ಪೊಲೀಸ್ ಇದ್ದಳು. ಮನೆಮಾತು ಬ್ಯಾರಿ, ಕಲಿತದ್ದು ಕನ್ನಡ ಶಾಲೆಯಲ್ಲಿ. ನಮ್ಮದು ಗಡಿಯ ಊರು, ಠಾಣೆಯ ಕಾಗದಪತ್ರವೆಲ್ಲ ಮಲಯಾಳದಲ್ಲಿ. ದೂರನ್ನೂ ಮಲಯಾಳದಲ್ಲಿ ಬರೆಯಬೇಕಿತ್ತೋ ಎಂದು ಕೇಳಿದರೆ ಕನ್ನಡವೇ ಸಾಕು ಎಂದಳು. ಎರಡೂ ಪುಟ ಓದಿ ಮೇಜಿನ ಮೇಲಿಟ್ಟಳು.

"ಟೀಚರೇ, ಅಕ್ಷರ ಚಂದ ಉಂಟು. ಆದರೆ ಇದನ್ನು ಹಿಡಿದುಕೊಂಡು ನಾವು ಎಲ್ಲಿಗೆ ಹೋಗಿ ಹುಡುಕುವುದು?"

ನನಗೆ ಸಿಟ್ಟು ಬಂತು. ಅವಳು ಅಮ್ಮಣಿಯ ಕಡೆ ತಿರುಗಿ, ಗಂಡನನ್ನು ಕೊನೆಗೆ ಕಂಡದ್ದು ಯಾವಾಗ, ಉಟ್ಟ ಬಟ್ಟೆ ಯಾವುದು, ಕೈಯಲ್ಲಿ ಏನಿತ್ತು, ಆಮೇಲೆ ಕಂಡದ್ದು ಕೇಳಿದ್ದು ಬೇರೇನಾದರೂ ಇದೆಯೇ ಎಂದು ಕೇಳಿದಳು. ಅಮ್ಮಣಿ ಹೆದರುತ್ತಲೇ ಸುರಂಗದ ಕರೆಯ ವಿಷಯ ಹೇಳಿದಳು. ಅದು ಯಾವುದೋ ಪ್ರೇತದ ಕೆಲಸ, ಬರೆಯುವಂಥದ್ದಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. ಮುಹ್ಸಿನಾ ನಗಲಿಲ್ಲ.

"ಯಾರು ಕರೆದದ್ದು ಅಂತ ಗೊತ್ತಿಲ್ಲದಿದ್ದರೆ ಅದು ಬೇಡ. ಎಲ್ಲಿಂದ ಕೇಳಿತು, ಎಷ್ಟು ಹೊತ್ತಿಗೆ, ಎಷ್ಟು ಸಲ, ಅದು ಗೊತ್ತುಂಟಲ್ಲ ಅಕ್ಕ? ಅಷ್ಟನ್ನೇ ಬರೆಯುವ."

ಹೊಸ ದೂರು ಅರ್ಧ ಪುಟವೂ ಆಗಲಿಲ್ಲ. ಬುಧವಾರ, ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಮುಗಿದ ಕೂಡಲೇ, ಹಳೆಯ ಸುರಂಗದ ಕಡೆಯಿಂದ, ಎರಡು ಸಲ. ಅದನ್ನು ನಾನೇ ಬರೆದೆ. ಬರೆಯುವಾಗ ನಾಚಿಕೆಯಾಯಿತು. ಗೊತ್ತಿಲ್ಲದ್ದನ್ನೆಲ್ಲ ಎರಡು ಪುಟ ಬರೆದು, ಗೊತ್ತಿದ್ದ ಒಂದೇ ಒಂದನ್ನು ಬಿಟ್ಟಿದ್ದೆನಲ್ಲ.

ಒಂದು ಗಂಟೆಯೊಳಗೆ ಪೊಲೀಸರೂ ಫೈರ್‌ಫೋರ್ಸಿನವರೂ ಸುರಂಗದ ಬಾಯಿಯಲ್ಲಿದ್ದರು. ಮೂವತ್ತು ಅಡಿ ಒಳಗೆ ಮಣ್ಣು ಕುಸಿದು ದಾರಿ ಮುಚ್ಚಿತ್ತು. ಅದರಾಚೆ ಲೋಕಯ್ಯ ಇದ್ದ. ಕಾಲು ಕಲ್ಲಿನಡಿ ಸಿಕ್ಕಿತ್ತು, ಆದರೆ ಉಸಿರಾಡುತ್ತಿದ್ದ. ಬತ್ತಿದ ಸುರಂಗದಲ್ಲಿ ಮತ್ತೆ ನೀರು ಬರಿಸುತ್ತೇನೆಂದು ಯಾರಿಗೂ ಹೇಳದೆ ಹೋಗಿದ್ದನಂತೆ, ಪುಣ್ಯಾತ್ಮ. ಇನ್ನೊಂದು ದಿನ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಭಾನುವಾರ ಮುಹ್ಸಿನಾ ಅವನ ಹೇಳಿಕೆ ಬರೆದುಕೊಳ್ಳಲು ಆಸ್ಪತ್ರೆಗೆ ಬಂದಳು. ಹೆಂಡತಿಯನ್ನು ಕರೆದದ್ದು ಎಷ್ಟು ಗಂಟೆಗೆ ಎಂದು ಕೇಳಿದಳು. ದಿಂಬಿಗೆ ಒರಗಿದ್ದ ಲೋಕಯ್ಯ ತಲೆಯೆತ್ತಿದ.

"ನಾನು ಕರೆಯಲೇ ಇಲ್ಲ ಮೇಡಂ. ಬಾಂಗ್ ಕೊಡುವಾಗ ಸುರಂಗದ ಬಾಯಿಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದೆ. ಮಣ್ಣು ಬಿದ್ದದ್ದು ಮೂರು ಗಂಟೆಯ ಬಸ್ಸು ಹೋದ ಮೇಲೆ. ಕರೆಯುವ ಸ್ವರ ನನಗೆ ಕೇಳಲೂ ಇಲ್ಲ."

ಮಂಚದ ಪಕ್ಕ ನನ್ನ ಜೊತೆ ಕೂತಿದ್ದ ಅಮ್ಮಣಿ ಎದ್ದು ನಿಂತಳು. ದೂರಿನಿಂದ ಆ ಸಾಲನ್ನು ಹೊಡೆದುಹಾಕುವುದೇ ಒಳ್ಳೆಯದೆಂದು ನಾನು ಮುಹ್ಸಿನಾಳ ಕಿವಿಯಲ್ಲಿ ಹೇಳಿದೆ.

"ಹೊಡೆದುಹಾಕಲಿಕ್ಕಿಲ್ಲ ಟೀಚರೇ. ಅಕ್ಕ ತಾನು ಕೇಳಿದ್ದನ್ನು ಹೇಳಿದರು, ಇವರು ಹೇಳಿದ್ದನ್ನು ನಾನು ಬರೆಯುತ್ತೇನೆ. ನಡುವೆ ಇರುವುದು ನಮಗೆ ಗೊತ್ತಿಲ್ಲ. ಅಲ್ಲಿ ಎಂತದೂ ಬರೆಯಲಿಕ್ಕಿಲ್ಲ."

ಹಾಗೆ ಹೇಳುವಾಗ ಅವಳ ಕೈಯ ರೋಮವೂ ನೆಟ್ಟಗಾಗಿತ್ತು. ಆದರೂ ಪೆನ್ನು ನಿಲ್ಲಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಾನೂ ಈಗ ಅರ್ಧ ಪುಟ ಬರೆಯುವವಳೇ. ನೀವು ಠಾಣೆಗೆ ದೂರು ಬರೆಯುವಾಗ ಕಣ್ಣು ಕಂಡದ್ದನ್ನು, ಕಿವಿ ಕೇಳಿದ್ದನ್ನು, ದಿನ, ಹೊತ್ತು, ಜಾಗ ಸಮೇತ ಬರೆಯಿರಿ. ಕಾಣೆಯಾದವರ ಗುರುತು, ಬಟ್ಟೆ, ಫೋನ್ ನಂಬರು ಸೇರಿಸಿ. ಕೊಟ್ಟದ್ದಕ್ಕೆ ರಶೀದಿ ಕೇಳಿ. ಊಹೆಯನ್ನು ಜೋಯಿಸರಿಗೆ ಬಿಡಿ. ಹೆದರಿಕೆಯಿಂದಲೋ ನಾಚಿಕೆಯಿಂದಲೋ ಒಂದು ಮಾತನ್ನೂ ನುಂಗಬೇಡಿ. ನೀವು ನುಂಗಿದ ಆ ಮಾತಿಗಾಗಿ ಯಾರೋ ಒಬ್ಬರು ಮಣ್ಣಿನಡಿಯಲ್ಲಿ ಕಾಯುತ್ತಿರಬಹುದು.