ತಳದ ರಿಜಿಸ್ಟರ್

ಲಿಫ್ಟ್ ಜಾರಿ ರಿಪೇರಿಯವನು ಸತ್ತಂದಿನಿಂದ ಅಣ್ಣ ನೆಟ್ಟಗೆ ಊಟ ಮಾಡಿರಲಿಲ್ಲ. ತಂಗಿ ದಿನಾ ಡಬ್ಬಿ ಕಟ್ಟಿ ತರುತ್ತಿದ್ದಳು, ದಿನಾ ಹಾಗೇ ವಾಪಸು ಒಯ್ಯುತ್ತಿದ್ದಳು. ಲಿಫ್ಟ್ ನಡೆಸುವ ಪ್ರೋಗ್ರಾಮ್ ಬರೆದವನು ಅವನೇ. ಕೋಡಿನದೇ ತಪ್ಪು ಎಂದು ಕಂಪನಿಯವರು ಕೈ ತೊಳೆದುಕೊಂಡಿದ್ದರು. ಸತ್ತವನು ಅಣ್ಣನ ಟೀ ಗೆಳೆಯ. ತಪ್ಪು ತನ್ನದೋ, ಲಿಫ್ಟಿನ ಬೋರ್ಡಿನಲ್ಲಿದ್ದ ಚಿಪ್ಪಿನದೋ ಅಣ್ಣನಿಗೇ ಗೊತ್ತಿರಲಿಲ್ಲ. ಅವನನ್ನು ಒಳಗಿನಿಂದ ತಿನ್ನುತ್ತಿದ್ದುದು ಅದೇ.

ಗೊತ್ತಿದ್ದುದು ಬೋರ್ಡಿಗೆ ಮಾತ್ರ. ಆರಿಸಿದರೆ ನೆನಪು ಅಳಿಯುತ್ತದೆಂದು ಅದನ್ನು ಬ್ಯಾಟರಿಯ ಮೇಲೆಯೇ ತಂಗಿಯ ಲ್ಯಾಬಿಗೆ ತಂದಿಟ್ಟಿದ್ದರು. ಚಿಪ್ಪು ತಾನೇ ಕೆಟ್ಟಿದ್ದರೆ, ಕಾರಣದ ಸಂಖ್ಯೆಯನ್ನು ತನ್ನೊಳಗಿನ ಒಂದು ಪುಟ್ಟ ಗೂಡಿನಲ್ಲಿ ಇಟ್ಟುಕೊಂಡಿರುತ್ತದೆ; ಕೆಡದಿದ್ದರೆ ಅಲ್ಲಿ ಸೊನ್ನೆ. ಅಂಥ ಗೂಡಿಗೆ ರಿಜಿಸ್ಟರ್ ಎನ್ನುತ್ತಾರೆ. ಇದಂತೂ ತೀರಾ ತಳದ ರಿಜಿಸ್ಟರ್. ದೋಷ ಹುಡುಕುವ ಡಿಬಗ್ಗರ್ ತಂತಿಯ ಮೇಲೆ ಪ್ರಶ್ನೆ ಕೇಳುತ್ತದೆ, ನಡುವಿನ ಪೆಟ್ಟಿಗೆಯೊಂದು ಚಿಪ್ಪನ್ನು ಓದಿ ಉತ್ತರ ಹೇಳುತ್ತದೆ. ಅವುಗಳ ಮಾತುಕತೆಯ ಕಟ್ಟುಪಾಡಾದ ಪ್ರೋಟೋಕಾಲಿನಲ್ಲಿ ಮೇಲಿನ ರಿಜಿಸ್ಟರ್‌ಗಳಿಗೆ ಮಾತಿತ್ತು, ತಳದ್ದಕ್ಕೆ ಇರಲಿಲ್ಲ. ಎರಡೂ ಕಡೆಗೆ ಹೊಸ ಮಾತು ಕಲಿಸಬೇಕಿತ್ತು. ತಂಗಿಯ ಕಸುಬೇ ಅದು; ಕಲಿಸಿಕೊಟ್ಟವನು ಅಣ್ಣ.

"ಜೋಪಾನ ಪುಟ್ಟಿ. ಅದನ್ನ ಒಂದ್ಸಲ ಓದಿದ್ರೆ ಅಳಿಸ್ಹೋಗಿ ಸೊನ್ನೆ ಆಗತ್ತೆ. ಚಿಪ್ ಮಾಡಿದ ಪುಣ್ಯಾತ್ಮರು ಹಾಗೇ ಮಾಡಿದಾರೆ."

"ನಂಗೇ ಪಾಠ ಹೇಳ್ತೀಯಾ? ಸುಮ್ನಿರು."

ಅಂಥದೇ ಇನ್ನೊಂದು ಬೋರ್ಡನ್ನು ಬೇಕೆಂದೇ ಕೆಡಿಸಿ, ಹೊಸ ಪ್ರಶ್ನೆ ಕೇಳಿ ನೋಡಿದಳು. ಪ್ರತಿ ಸಲ ಹೊಸದಾಗಿ ಕೆಡಿಸಿ ಕೇಳಿದಾಗಲೂ ಸರಿಯಾದ ಸಂಖ್ಯೆ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು! ಆದರೆ ಅಣ್ಣನ ಮೇಲಿನ ಅಕ್ಕರೆ ಸುಮ್ಮನಿರಗೊಡಲಿಲ್ಲ. ಆ ಸಂಖ್ಯೆ ಅವನ ಕಣ್ಣೆದುರು ಅಂದವಾಗಿ, ಹೆಸರಿನ ಸಮೇತ ಮೂಡಲಿ ಎಂದು ತಳದ ರಿಜಿಸ್ಟರನ್ನೂ ಉಳಿದವುಗಳ ಸಾಮಾನ್ಯ ಪಟ್ಟಿಗೆ ಸೇರಿಸಿದಳು. ಒಂದು ಸಾಲಿನ ಕೆಲಸ, ಇದನ್ನೇನು ಪರೀಕ್ಷೆ ಮಾಡುವುದು ಎಂದುಕೊಂಡಳು.

ಅಣ್ಣ ಬಂದು ಪಕ್ಕದಲ್ಲಿ ಕೂತ. ಅಂಗಿ ಅವನ ಮೈಮೇಲೆ ಜೋತಾಡುತ್ತಿತ್ತು. ಅವಳು ಡಿಬಗ್ಗರನ್ನು ಲಿಫ್ಟಿನ ಬೋರ್ಡಿಗೆ ಜೋಡಿಸಿದಳು. ಪರದೆಯ ಮೇಲೆ ಕಿಟಕಿ ತೆರೆಯಿತು, ಹೆಸರು ಮೂಡಿತು, ಅದರೆದುರು ಸೊನ್ನೆ.

ಜೋಡಿಸಿದೊಡನೆ ಡಿಬಗ್ಗರ್ ಪಟ್ಟಿಯಲ್ಲಿರುವುದನ್ನೆಲ್ಲ ತನ್ನ ಪಾಡಿಗೆ ಒಮ್ಮೆ ಓದಿಕೊಳ್ಳುತ್ತದೆ, ತೋರಿಸುವ ಮುನ್ನ ಮತ್ತೊಮ್ಮೆ ಓದುತ್ತದೆ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಮೊದಲ ಓದಿನಲ್ಲಿ ಬಂದದ್ದನ್ನು ಯಾರೂ ನೋಡಲಿಲ್ಲ, ಎಲ್ಲೂ ಉಳಿಯಲೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ಅವಳದೇ ಕೈಯಿಂದ.

ಅಣ್ಣನ ಕಣ್ಣು ಸೊನ್ನೆಯಿಂದ ಸರಿದು ಪಟ್ಟಿಯ ಮೇಲೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ತಂಗಿಯ ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತೆಂದು ಅವಳಿಗೂ ತಿಳಿಯಿತು.

"ಸೊನ್ನೆ," ಎಂದ. "ಚಿಪ್ಪಿಗೆ ಏನೂ ಆಗಿರ್ಲಿಲ್ಲ ಕಣೇ. ತಪ್ಪು ನಂದೇ."

"ಅಣ್ಣಾ, ಅಲ್ಲ... ನಾನು ಪಟ್ಟೀಲಿ..."

"ನಂದೇ ಅಂದ್ನಲ್ಲ. ನಾಳೆ ಅವನ ಹೆಂಡ್ತಿ ಹತ್ರ ಹೋಗಿ ಹೇಳ್ಬಿಡ್ತೀನಿ. ಪಾಪ, ಆಯಮ್ಮಂಗೂ ಒಂದು ಉತ್ತರ ಬೇಕಲ್ಲ."

"ಸುಳ್ಳು ಉತ್ತರಾನಾ?"

ಅವನು ಕೈ ಚಾಚಿ ಬ್ಯಾಟರಿಯ ಸ್ವಿಚ್ ಆರಿಸಿದ. ಚಿಕ್ಕವಳಿದ್ದಾಗ ಅವಳು ಲೋಟ ಒಡೆದರೆ ಅಮ್ಮನೆದುರು ಮುಂದೆ ಬಂದು ನಿಲ್ಲುತ್ತಿದ್ದವನೂ ಇವನೇ. ಸತ್ತವನ ಭಾರದ ಮೇಲೆ ಈಗ ಇವಳದನ್ನೂ ಹೊತ್ತುಕೊಂಡ.

"ಡಬ್ಬಿ ಎಲ್ಲೇ? ಹಸಿವಾಗ್ತಿದೆ," ಎಂದು ತಾನೇ ಹುಡುಕಿ ಮುಚ್ಚಳ ತೆಗೆದ. ಅವಳು ಬಿಕ್ಕುತ್ತಿದ್ದಳು. ಅವನು ತಲೆ ಎತ್ತದೆ, ಒಂದೊಂದೇ ತುತ್ತು ನುಂಗುತ್ತ, ಒಂದು ಅಗುಳೂ ಬಿಡದಂತೆ ಉಂಡ. ಆ ಡಬ್ಬಿ ಖಾಲಿಯಾಗುವುದನ್ನು ನೋಡಲೆಂದೇ ಅವಳು ಇಷ್ಟು ದಿನ ಕಾದಿದ್ದಳು.