ಬಾಯಿಬಿಟ್ಟು ಕೇಳದ ಸುಬ್ಬರಾಯಪ್ಪನವರು

ವಕ್ಕಲೇರಿಯ ಸುಬ್ಬರಾಯಪ್ಪನವರು ತಮ್ಮ ಜೀವಮಾನದಲ್ಲಿ ಬಾಯಿಬಿಟ್ಟು ಯಾರನ್ನೂ ಏನನ್ನೂ ಕೇಳಿದವರಲ್ಲ. ಊರಿನವರು ಇದನ್ನು ಹೊಗಳಿಕೆಯಾಗಿ ಹೇಳುತ್ತಿದ್ದರು. ನಾನು ಹಾಗೆ ಹೇಳುತ್ತಿಲ್ಲ. ಬಾಯಾರಿದಾಗ ಅವರು ನೀರು ಕೊಡಿ ಎನ್ನುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ಎದುರಿನ ಹೊಂಗೆಮರದ ನೆತ್ತಿಯನ್ನು ನೋಡುತ್ತ, ಯಾರಿಗೂ ಅಲ್ಲವೆಂಬಂತೆ "ಬಿಸಿಲು ಜೋರಾಗೈತೆ" ಎನ್ನುತ್ತಿದ್ದರು. ಒಳಗಿನಿಂದ ಅವರ ಹೆಂಡತಿ ಅಶ್ವತ್ಥಮ್ಮನವರು ಚೊಂಬು ಹಿಡಿದು ಬರುತ್ತಿದ್ದರು. ಊಟಕ್ಕೆ ಕುಳಿತು "ಈ ಸಲದ ರಾಗಿ ಒಣಕಲು" ಎಂದರೆ ಇನ್ನೊಂದು ಸೌಟು ಸಾರು ಬೇಕೆಂದು ಅರ್ಥ. "ಯಾಕೋ ನೊಣ ಜಾಸ್ತಿ" ಎಂದರೆ ಬೀಸಣಿಗೆ. ಗಂಡನ ಈ ಭಾಷೆಯನ್ನು ಆಕೆ ಮದುವೆಯಾದ ಹೊಸತರಲ್ಲೇ ಕಲಿತುಬಿಟ್ಟಿದ್ದರು; ಕಲಿಯದೆ ಗತಿಯಿರಲಿಲ್ಲ. ಸುಬ್ಬರಾಯಪ್ಪನವರು ನನಗೆ ದೊಡ್ಡಪ್ಪ. ಬೆಂಗಳೂರಿನ ಕಾಲೇಜಿನಿಂದ ರಜೆಗೆ ಬಂದು ಆ ಮನೆಯಲ್ಲಿ ಉಳಿಯುತ್ತಿದ್ದ ನನಗೂ ಆ ಭಾಷೆ ಅರ್ಧಮರ್ಧ ಬಂದಿತ್ತು.

ದೊಡ್ಡಪ್ಪ ಎತ್ತರದ ಆಳು. ಪಂಚೆಯ ಮೇಲೆ ಯಾವ ಕಾಲದಲ್ಲೂ ಒಂದು ಕಪ್ಪು ಕೋಟು. ಆ ಕೋಟಿನ ಬಲಜೇಬಿನಲ್ಲಿ ಸ್ಪ್ಯಾನರು, ಕೊಳವೆಯ ತುಂಡುಗಳು, ಎಣ್ಣೆ ಹತ್ತಿದ ಬಟ್ಟೆ ಎಲ್ಲ ಸೇರಿ ಜೋತುಬಿದ್ದು, ಆ ಭಾರಕ್ಕೆ ಬಲಭುಜ ಇಳಿದು, ಕಾಣದ ಕೊಡವೊಂದನ್ನು ಹೊತ್ತವರಂತೆ ಅವರು ಓರೆಯಾಗಿ ನಡೆಯುತ್ತಿದ್ದರು. ಅವರು ಬರುವುದಕ್ಕೆ ಮುಂಚೆ ಪೆಟ್ರೋಲಿನ ವಾಸನೆ ಬರುತ್ತಿತ್ತು.

ಆ ವಾಸನೆಯ ಮೂಲ ಒಂದು ಎಂಜಿನ್ನು. ಮಾಲೂರಿನ ರಸ್ತೆಯಲ್ಲಿ ಮರಕ್ಕೆ ಗುದ್ದಿ ನಜ್ಜುಗುಜ್ಜಾಗಿ ಬಿದ್ದಿದ್ದ ಇಂಗ್ಲೆಂಡಿನ ಕಾರೊಂದನ್ನು ಅವರು ಕೊಂಡು, ಎರಡು ಗಾಡಿಗಳಲ್ಲಿ ಹೇರಿಸಿಕೊಂಡು ಬಂದಿದ್ದರು. ಅದರ ಎಂಜಿನ್ನನ್ನು ಬಾವಿಯ ದಂಡೆಯ ಮೇಲೆ ಕೂರಿಸಿ, ಪಂಪಿಗೆ ಬೆಲ್ಟು ಕಟ್ಟಿ, ಹಿಪ್ಪುನೇರಳೆ ತೋಟಕ್ಕೆ ನೀರು ಹಾಯಿಸುವುದು ಅವರ ಸಂಕಲ್ಪ. ಅಲ್ಲಿಯವರೆಗೆ ಆ ತೋಟಕ್ಕಿದ್ದದ್ದು ಕಪಿಲೆ: ಎತ್ತುಗಳು ಇಳಿಜಾರಿನಲ್ಲಿ ಇಳಿದು, ಹಿಮ್ಮೆಟ್ಟಿ, ಚರ್ಮದ ಚೀಲದಲ್ಲಿ ಒಂದೊಂದೇ ಬಾನಿ ನೀರನ್ನು ಮೇಲಕ್ಕೆ ಎಳೆಯುವ ಏರ್ಪಾಡು. "ಉಗಾದಿಯಿಂದ ಎತ್ತಿಗೆ ರಜಾ" ಎಂದು ಅವರು ಊರಿಗೆಲ್ಲ ಸಾರಿದ್ದರು. ಕೇಳದವರು ಹೇಳುವುದರಲ್ಲಿ ಹಿಂದೆ ಬೀಳುವುದಿಲ್ಲ.

ಎಲ್ಲ ಕೂಡಿಬಂತು, ಒಂದು ವಸ್ತುವಿನ ಹೊರತು. ಪೆಟ್ರೋಲು ಬರುವ ಕೊಳವೆಯನ್ನು ಎಂಜಿನ್ನಿಗೆ ಸೇರಿಸುವ ಜಾಗದಲ್ಲಿ ಹೆಬ್ಬೆಟ್ಟಿನ ತುದಿಯಷ್ಟು ಗಾತ್ರದ ಹಿತ್ತಾಳೆಯ ತಿರುಪೊಂದಿರುತ್ತದೆ. ಮೆಕ್ಯಾನಿಕ್ಕುಗಳು ಅದನ್ನು ಯೂನಿಯನ್ನು ಎನ್ನುತ್ತಾರೆ. ಮರಕ್ಕೆ ಗುದ್ದಿದ ಏಟಿಗೆ ಅದು ಸೀಳಿತ್ತು. ಯುದ್ಧದ ಕಾಲ, ಹಡಗುಗಳಲ್ಲಿ ಸಾಮಾನು ಬರುತ್ತಿರಲಿಲ್ಲ. ಬೇರೆ ಕಾರುಗಳದನ್ನು ತಂದು ತಿರುಗಿಸಿದರೆ ಎರಡು ಸುತ್ತು ಹೋಗಿ ಮೂರನೆಯದಕ್ಕೆ ಕಚ್ಚಿಕೊಳ್ಳುತ್ತಿತ್ತು. ಕೋಲಾರದ ಕಂಚುಗಾರನೊಬ್ಬ ಎರಕ ಹೊಯ್ದು ಕೊಟ್ಟದ್ದು ಸೋರಿತು. ಸೋರುವ ಜಾಗಕ್ಕೆ ಸೈಕಲ್ ಟ್ಯೂಬಿನ ಚೂರನ್ನು ಸುತ್ತಿದರು. ಪೆಟ್ರೋಲಿನಲ್ಲಿ ನೆನೆದು ಅದು ಹಲಸಿನ ಅಂಟಿನಂತಾಯಿತು. ಬಟ್ಟೆ ಸೋಪನ್ನು ಮೆತ್ತಿದರು, ಅಲುಗಾಟಕ್ಕೆ ಉದುರಿಹೋಯಿತು.

ಆಮೇಲೆ ಶುರುವಾದದ್ದು ಅವರ ಸಂಚಾರ. ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಿ ಲಾರಿ ನಿಲ್ಲುವುದೋ ಅಲ್ಲಿಗೆಲ್ಲ ಹೋದರು. ಹೋಗಿ ಮಾಡಿದ್ದೇನು? ಮುಳಬಾಗಿಲಿನಲ್ಲಿ, ಮದರಾಸಿನ ರಸ್ತೆಗೆ ಮುಖಮಾಡಿದ್ದ ಮುನಿರಾಮಪ್ಪನೆಂಬವನ ಲಾರಿ ರಿಪೇರಿ ಅಂಗಡಿಯಲ್ಲಿ ನಡೆದದ್ದು ಇಷ್ಟು. ಇವರು ಬೆಂಚಿನ ಮೇಲೆ ಕುಳಿತರು. ಸೀಳಿದ ತಿರುಪನ್ನು ಜೇಬಿನಿಂದ ತೆಗೆದು ಬೆರಳುಗಳ ನಡುವೆ ಹೊರಳಿಸುತ್ತ, "ಈ ಕಾಲದಾಗೆ ಹಿತ್ತಾಳೆ ಸಾಮಾನು ಕಣ್ಣಿಗೂ ಕಾಣಲ್ಲ" ಎಂದರು.

"ಅದೇ ಮತ್ತೆ! ಎಲ್ಲಾ ಯುದ್ಧಕ್ಕೆ ಹೋಯ್ತು ಸಾಮಿ" ಎಂದು ಮುನಿರಾಮಪ್ಪ ತನ್ನ ಕೆಲಸಕ್ಕೆ ತಿರುಗಿದ.

ಸುಬ್ಬರಾಯಪ್ಪನವರು ಇನ್ನೂ ಸ್ವಲ್ಪ ಹೊತ್ತು ಕುಳಿತು, ಅವನ ಡಬ್ಬಿಗಳ ಸಾಲನ್ನು ನೋಡಿ, ಎದ್ದು ಬಂದರು. ಮನೆಗೆ ಬಂದು, "ಮುಳಬಾಗಿಲಾಗೂ ಇಲ್ಲವಂತೆ" ಎಂದರು.

ಅವರ ಒಬ್ಬಳೇ ಮಗಳು ಶಾಮಲಮ್ಮನನ್ನು ಶ್ರೀನಿವಾಸಪುರಕ್ಕೆ ಕೊಟ್ಟಿತ್ತು. ಅವಳ ಮಾವ ದೊಡ್ಡವೆಂಕಟಪ್ಪನವರು ಮಾವಿನ ತೋಪುಗಳ ಒಡೆಯರು. ದೊಡ್ಡ ಗಂಟಲು, ದೊಡ್ಡ ಕೈ. ಅವರಲ್ಲೊಂದು ಕಾರಿತ್ತು. ಸುಬ್ಬರಾಯಪ್ಪನವರ ಎಂಜಿನ್ನು ಯಾವ ಕಂಪನಿಯದೋ ಅದೇ ಕಂಪನಿಯದು, ಅದೇ ಕಾಲದ್ದು. ಯುದ್ಧದಿಂದಾಗಿ ಪೆಟ್ರೋಲು ಕೂಪನ್ನಿಗೆ ಮಾತ್ರ ಸಿಗುವಂತಾದ ಮೇಲೆ ಕಾರು ಕೊಟ್ಟಿಗೆಯಲ್ಲಿ ನಿಂತೇ ಇತ್ತು. ಹೊತ್ತು ಹೋಗದೆ ಬೀಗರು ಅದಕ್ಕೆ ಸ್ವತಃ ಗಿಣಿಹಸಿರು ಬಣ್ಣ ಬಳಿದಿದ್ದರು; ಬಳಿಯುವ ಹುಮ್ಮಸ್ಸಿನಲ್ಲಿ ಒಳಗಿನ ಕೊಳವೆ ತಿರುಪುಗಳನ್ನೂ ಬಿಟ್ಟಿರಲಿಲ್ಲ.

ಮಗಳಿಗೆ ಮಗುವಾಗುವ ತನಕ ಅವಳ ಮನೆಯಲ್ಲಿ ಹೆತ್ತವರು ಹನಿ ನೀರನ್ನೂ ಮುಟ್ಟಬಾರದೆಂಬುದು ನಮ್ಮ ಕಡೆಯ ಕಟ್ಟು. ಶಾಮಲಮ್ಮನಿಗೆ ಇನ್ನೂ ಮಕ್ಕಳಾಗಿರಲಿಲ್ಲ. ಸುಬ್ಬರಾಯಪ್ಪನವರು ಅಲ್ಲಿಗೆ ಹೋದರೆ ಜಗಲಿಯಲ್ಲೇ ಕುಳಿತು, ಮಗಳನ್ನು ನೋಡಿ, ಬಾಯಿ ಒಣಗಿಸಿಕೊಂಡು ಹಿಂದಿರುಗುತ್ತಿದ್ದರು. ಈ ನಿಷ್ಠೆಯನ್ನು ಕಂಡು ಬೀಗರ ಮನೆಯವರಿಗೂ ಅವರ ಮೇಲೆ ಗೌರವ.

ಆ ಸಲ ಹೋದಾಗ ಅವರು ತಮ್ಮ ರೀತಿಯಲ್ಲಿ ಪ್ರಯತ್ನಪಟ್ಟರು.

"ನಿಂತ ಕಾರಾಗೆ ಹಿತ್ತಾಳೆ ಎಲ್ಲಾ ಕಿಲುಬು ಹಿಡೀತದೆ ಬೀಗ್ರೇ."

"ಹಿಡೀಲಿ ಬಿಡಿ, ಹುಣಸೇಹಣ್ಣು ಹಾಕಿ ತಿಕ್ಕಿದ್ರೆ ಹೋಗ್ತದೆ!" ಎಂದು ದೊಡ್ಡವೆಂಕಟಪ್ಪನವರು ಗಹಗಹಿಸಿದರು.

"ಒಂದೊಂದು ಭಾಗ ಬಿಚ್ಚಿಟ್ರೆ ಒಳ್ಳೇದು."

"ಯಾಕೆ ಬೀಗ್ರೇ, ನನ್ನ ಕಾರನ್ನೂ ನಿಮ್ಮ ಬಾವಿಗೆ ಇಳಿಸ್ಬೇಕು ಅಂತಾನಾ?"

ಅದು ತಮಾಷೆ. ಆದರೆ ಆ ತಮಾಷೆಯ ಬಾಗಿಲು ತೆರೆದೇ ಇತ್ತು. ಹೌದು ಬೀಗರೇ, ಒಂದು ತಿರುಪು ಬೇಕಿತ್ತು ಎಂದಿದ್ದರೆ ಮುಗಿಯುತ್ತಿತ್ತು. ಹೆಣ್ಣು ಕೊಟ್ಟವನು ಬೀಗರ ಮುಂದೆ ಕೈಚಾಚುವುದೇ ಎಂದು ಸುಬ್ಬರಾಯಪ್ಪನವರು ಹೊಂಗೆಮರವಿಲ್ಲದ ಆ ಅಂಗಳದಲ್ಲಿ ನೋಡಲು ಇನ್ನೇನನ್ನೋ ಹುಡುಕಿದರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಮನೆಯವರೆಲ್ಲ ಒಳಗೆ ಹೋದರು. ಕಾರಿನ ಕೊಟ್ಟಿಗೆಯಲ್ಲೇ ಮಲಗುತ್ತಿದ್ದ ಆಳು ಮುನಿಯಲ್ಲಪ್ಪನೂ ಹಿತ್ತಿಲಿಗೆ ಮುದ್ದೆಗೆ ಹೋದ. ಆ ಮನೆಯ ನೀರನ್ನೂ ಮುಟ್ಟದ ಮನುಷ್ಯ ಒಬ್ಬರೇ ಹೊರಗೆ ಉಳಿದರು, ಜೇಬಿನಲ್ಲಿ ಸ್ಪ್ಯಾನರಿತ್ತು.

ಉಗಾದಿಯ ಹೊತ್ತಿಗೆ ವಕ್ಕಲೇರಿಯ ಬಾವಿಯ ದಂಡೆಯಲ್ಲಿ ಎಂಜಿನ್ನು ಗುಡುಗಿತು. ಒಂದಿಷ್ಟು ಪೆಟ್ರೋಲಿನಲ್ಲಿ ಎಬ್ಬಿಸಿ, ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಿದ್ದರು. ನೀರು ಕಾಲುವೆಯಲ್ಲಿ ಉಕ್ಕಿ ಹರಿಯುವುದನ್ನು ನೋಡಲು ಸುತ್ತಲ ಹಳ್ಳಿಯವರು ಬಂದರು. ಕಪಿಲೆಯ ಎತ್ತುಗಳು ದೂರದಲ್ಲಿ ನಿಂತು ಮೆಲುಕು ಹಾಕುತ್ತಿದ್ದವು. ಎಂಜಿನ್ನು ಓಡಿದ ಆ ಎರಡು ದಿನ ಸುಬ್ಬರಾಯಪ್ಪನವರ ಬಲಭುಜ ನೆಟ್ಟಗಾಗಿತ್ತೆಂದು ಅಶ್ವತ್ಥಮ್ಮನವರು ಹೇಳುತ್ತಿದ್ದರು.

ಹಬ್ಬಕ್ಕೆ ಶಾಮಲಮ್ಮ ತೌರಿಗೆ ಬಂದಳು. ಬಾವಿಯ ಕಟ್ಟೆಯ ಮೇಲೆ ಕುಳಿತು, ಕಾಲುವೆಯ ನೀರಿಗೆ ಕಾಲು ಇಳಿಬಿಟ್ಟು, ಎಂಜಿನ್ನಿನ ಸದ್ದನ್ನು ಮೀರಿಸುವಂತೆ ಗಂಡನ ಊರಿನ ಸುದ್ದಿ ಹೇಳತೊಡಗಿದಳು. "ನಮ್ಮ ಮಾವ ಮುನಿಯಲ್ಲಪ್ಪನ್ನ ಕೆಲಸದಿಂದ ಬಿಡಿಸಿಬಿಟ್ರಪ್ಪಾ. ಕೋಲಾರಕ್ಕೆ ಹೋಗ್ಬೇಕು ಅಂತ ಕೂಪನ್ನಿನ ಪೆಟ್ರೋಲು ಹಾಕಿದ್ರೆ ಅಷ್ಟೂ ನೆಲಕ್ಕೆ ಸುರಿದೋಯ್ತು. ನೋಡಿದ್ರೆ ಕೊಳವೇದು ತಿರುಪೇ ಇಲ್ಲ. ಕೊಟ್ಟಿಗೆಯಾಗೆ ಮಲಗೋನು ಅವನೊಬ್ಬನೇ ಅಲ್ವಾ? ಪೇಟೆ ಬೀದಿಯಾಗೆ ನಿಲ್ಲಿಸಿ, ಉಟ್ಟಿದ್ದ ಪಂಚೆ ಕೊಡವಿಸಿದ್ರು. ನಾನು ಕಿಟಕಿಯಾಗೆ ನೋಡ್ದೆ. ನೋಡಬಾರದಿತ್ತು."

ಸುಬ್ಬರಾಯಪ್ಪನವರು ಕೈಚಾಚಿ ಎಂಜಿನ್ನಿಗೆ ಎಣ್ಣೆ ಹರಿಯುವ ತಿರುಗಣಿಯನ್ನು ಮುಚ್ಚಿದರು. ಎಂಜಿನ್ನು ಕೆಮ್ಮಿ ನಿಂತಿತು. ಮಗಳ ಕಣ್ಣು ಆ ಕೈಯ ಹಿಂದೆಯೇ ಹೋಗಿ, ಹಿತ್ತಾಳೆಯ ಸಂದಿನಲ್ಲಿ ಉಳಿದಿದ್ದ ಗಿಣಿಹಸಿರಿನ ಮೇಲೆ ನಿಂತಿತು. ಅವಳು ಕಾಲನ್ನು ನೀರಿನಿಂದ ಮೇಲಕ್ಕೆ ಎಳೆದುಕೊಂಡಳು.

"ಇದು ನಮ್ಮ ಮಾವ ಬಳಿದ ಬಣ್ಣ."

ತಂದೆ ಜೇಬಿನ ಎಣ್ಣೆಬಟ್ಟೆ ತೆಗೆದು ಕೈ ಒರೆಸಿಕೊಂಡರು.

"ನೀನು ಹೋಗಿ ಹೇಳು. ನೀನು ಹೇಳದಿದ್ರೆ ನಾನೇ ಹೇಳ್ತೀನಿ. ನಾನು ಹೇಳಿದ್ ಮೇಲೆ ಆ ಮನೆಯಾಗೆ ನಾನು ಹೆಂಗೆ ತಲೆ ಎತ್ತಿ ಬಾಳ್ಬೇಕು, ಅದನ್ನೂ ನೀನೇ ಯೋಚ್ನೆ ಮಾಡಪ್ಪಾ."

ಮಾರನೆಯ ದಿನ ಅವರು ಶ್ರೀನಿವಾಸಪುರಕ್ಕೆ ಹೋದರು. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಿದ್ದರೆಂದು ಕಾಣುತ್ತದೆ. ಜಗಲಿಯಲ್ಲಿ ಕುಳಿತಾಗ ಜೋಡಣೆಯೆಲ್ಲ ಕಳಚಿತು. ಕರವಸ್ತ್ರದಲ್ಲಿ ಸುತ್ತಿದ್ದ ತಿರುಪನ್ನು ಬೆಂಚಿನ ಮೇಲಿಟ್ಟು, "ಇದು ನಿಮ್ಮ ಕಡೇದು" ಎಂದರು.

ದೊಡ್ಡವೆಂಕಟಪ್ಪನವರು ಬಿಡಿಸಿ ನೋಡಿದರು. ಆ ದೊಡ್ಡ ಗಂಟಲು ಇಷ್ಟು ಸಣ್ಣದಾಗಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ. "ಕೇಳಿದ್ರೆ ಕಾರನ್ನೇ ಗಾಡಿಗೆ ಕಟ್ಟಿ ಕಳಿಸ್ತಿದ್ನಲ್ಲ ಬೀಗ್ರೇ..." ಆಮೇಲೆ ಸುತ್ತಲೂ ನೋಡಿ, ತಿರುಪನ್ನು ಮುಷ್ಟಿಯಲ್ಲಿ ಮುಚ್ಚಿ, "ಈ ಮಾತು ಇಲ್ಲಿಗೇ ಇರ್ಲಿ. ಸೊಸೆ ಮುಖ ನೋಡ್ಬೇಕಲ್ಲ. ಸೀಟಿನ ಕೆಳಗೆ ಸಿಕ್ತು ಅಂತ ಹೇಳಿ ಅವನನ್ನ ಮತ್ತೆ ಕರೆಸ್ಕೋತೀನಿ" ಎಂದರು.

ಬೇಡ, ಊರಿಗೆ ಗೊತ್ತಾಗಲಿ ಎನ್ನಬೇಕಾಗಿದ್ದ ಸುಬ್ಬರಾಯಪ್ಪನವರು ಸುಮ್ಮನಿದ್ದರು. ಅವರ ಭಾಷೆಯಲ್ಲಿ ಸುಮ್ಮನಿರುವುದೆಂದರೆ ಒಪ್ಪಿಗೆ. ಕದ್ದದ್ದಕ್ಕಿಂತ ಈ ಸುಮ್ಮನಿದ್ದದ್ದು ಕೀಳು ಎಂಬುದು ಅವರಿಗೂ ಆಗಲೇ ಗೊತ್ತಿತ್ತು.

ಅವರಿನ್ನೂ ಜಗಲಿಯಲ್ಲಿರುವಾಗಲೇ ಬೀಗರು ಮುನಿಯಲ್ಲಪ್ಪನನ್ನು ಕರೆಸಿದರು. ಅವನು ಅಂಗಳದಲ್ಲಿ ನಿಂತು ಯಜಮಾನರ ಮಾತನ್ನು ಪೂರ್ತಿ ಕೇಳಿದ.

"ಸೀಟಿನ ಕೆಳಗೆ ದಿನಾ ನಾನೇ ಗುಡಿಸ್ತಿದ್ದೆ ಸಾಮಿ" ಎಂದ.

"ಯಾವ್ದೋ ಸಂದಿಯಾಗೆ ಇತ್ತು ಕಣೋ. ಈಗ ಸಿಕ್ತಲ್ಲ, ಬಿಡು" ಎಂದರು ಯಜಮಾನರು.

ಮುನಿಯಲ್ಲಪ್ಪ ಮೂಗನ್ನು ಸ್ವಲ್ಪ ಎತ್ತಿದ. ಕೂಪನ್ನಿನ ಪೆಟ್ರೋಲೆಲ್ಲ ನೆಲ ಕುಡಿದು ದಿನಗಳಾಗಿದ್ದ ಆ ಅಂಗಳದಲ್ಲಿ ಪೆಟ್ರೋಲು ನಾರುತ್ತಿದ್ದದ್ದು ಒಂದೇ ಒಂದು ಕಪ್ಪು ಕೋಟು. ಅವನು ಕೋಟನ್ನು ನೋಡಿದ, ಜೋತ ಜೇಬನ್ನು ನೋಡಿದ, ಮುಖವನ್ನು ನೋಡಿದ. ಸುಬ್ಬರಾಯಪ್ಪನವರು ಬಾಯಿ ತೆರೆದರು. ತಪ್ಪಾಯಿತು, ಮನ್ನಿಸಪ್ಪಾ ಎಂದು ಕೇಳಲು ತೆರೆದ ಬಾಯಿ ಅದು. ಅದರಿಂದ ಬಂದ ಮಾತು, "ಬಿಸಿಲು ಜೋರಾಗೈತೆ."

ಆಮೇಲೆ ಮುನಿಯಲ್ಲಪ್ಪ ಹಿತ್ತಿಲಿಗೆ ಹೋಗಿ, ಒಂದು ಚೊಂಬು ನೀರು ತಂದು ಅವರ ಮುಂದೆ ಇಟ್ಟ. ಆ ಮನೆಯ ನೀರು. ಸುಬ್ಬರಾಯಪ್ಪನವರು ಅದನ್ನು ಎತ್ತಿ ಕೊನೆಯ ಹನಿಯವರೆಗೂ ಕುಡಿದರು. ಮುನಿಯಲ್ಲಪ್ಪ ಖಾಲಿ ಚೊಂಬನ್ನು ತೆಗೆದುಕೊಂಡು, ಇಬ್ಬರು ಯಜಮಾನರ ಎದುರಿಗೆ ತಲೆಕೆಳಗು ಮಾಡಿ, ಪಂಚೆ ಕೊಡವಿದಂತೆ ಎರಡು ಬಾರಿ ಕೊಡವಿ ತೋರಿಸಿ, ಒಳಗೆ ಹೋದ.

ಅವನು ಆ ಮನೆಯ ಕೆಲಸಕ್ಕೆ ಮರಳಿದ. ಆದರೆ ಪೇಟೆಯಲ್ಲಿ ಅವನು ಹಾದುಹೋದರೆ ಅಂಗಡಿಯವರು ಸಾಮಾನನ್ನು ಒಳಕ್ಕೆ ಸರಿಸುವುದು ನಿಲ್ಲಲಿಲ್ಲವೆಂದು ಶಾಮಲಮ್ಮ ಬಹಳ ವರ್ಷಗಳ ಮೇಲೂ ಹೇಳುತ್ತಿದ್ದಳು. ಅವಳ ಮಾನವೇನೋ ಉಳಿಯಿತು. ಯಾರ ಮಾನದ ಮೇಲೆ ಉಳಿಯಿತೆಂದು ಅವಳಿಗೆ ಗೊತ್ತಿತ್ತು. ಆಮೇಲೆ ತಂದೆಯ ಎದುರಿಗೆ ಅವಳು ಹೆಚ್ಚು ಮಾತನಾಡಿದ್ದನ್ನು ನಾನು ಕಾಣೆ.

ಬಾವಿಯ ದಂಡೆಯ ಎಂಜಿನ್ನು ಗೋಣಿಚೀಲ ಹೊದ್ದು ಮಲಗಿತು, ಎತ್ತುಗಳ ರಜೆ ಮುಗಿಯಿತು. ಆ ಬೇಸಿಗೆಯಲ್ಲಿ ಅಶ್ವತ್ಥಮ್ಮನವರು ನೆಂಟರ ಜೊತೆ ಆವನಿಯ ದೇವಸ್ಥಾನಕ್ಕೆ ಹೋಗುವಾಗ ಮುಳಬಾಗಿಲಿನಲ್ಲಿ ಬಸ್ಸು ಇಳಿದು, ಸೀಳಿದ ಹಳೆಯ ತಿರುಪನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮುನಿರಾಮಪ್ಪನ ಮುಂದೆ ಹಿಡಿದರು. "ಇಂಥದ್ದು ಒಂದು ಬೇಕಪ್ಪ. ಐತಾ?" ಮುನಿರಾಮಪ್ಪ ಡಬ್ಬಿಯೊಂದನ್ನು ಹಲಗೆಯ ಮೇಲೆ ಬೋರಲು ಹಾಕಿ, ಕೆದಕಿ, ಒಂದನ್ನು ತೆಗೆದು ಕೊಟ್ಟ. "ಎತ್ತರದೋರು, ಕರಿ ಕೋಟಿನೋರು ಒಬ್ರು ಬಂದು ಇದನ್ನೇ ಹಿಡ್ಕೊಂಡು ಕೂತಿದ್ರಮ್ಮ. ಹಿತ್ತಾಳೆ ಸಿಗಲ್ಲ ಅಂದ್ರು, ಹೌದು ಅಂದೆ. ಬೇಕು ಅಂದಿದ್ರೆ ಆವತ್ತೇ ಕೊಡ್ತಿದ್ನಲ್ಲ!"

ಆಕೆ ಅದನ್ನು ತಂದು ಗಂಡನ ಊಟದ ತಟ್ಟೆಯ ಪಕ್ಕದಲ್ಲಿಟ್ಟು, ಮುನಿರಾಮಪ್ಪನ ಮಾತನ್ನು ಅವನ ಮಾತಿನಲ್ಲೇ ಹೇಳಿ, ಸೌಟು ಹಿಡಿದು ಎದುರಿಗೆ ಕುಳಿತರು. ರಾಗಿ ಒಣಕಲೆಂದು ಸುಬ್ಬರಾಯಪ್ಪನವರು ಅಂದು ಹೇಳಲಿಲ್ಲ. ಸಾರು ಕೊಡು ಎಂದೂ ಹೇಳಲಿಲ್ಲ. ಒಣ ಮುದ್ದೆಯನ್ನೇ ನುಂಗಿ ಎದ್ದರು. ಆಕೆಯೂ ಬಡಿಸಲಿಲ್ಲ. ತಿರುಪನ್ನು ಊರಿನ ಕಮ್ಮಾರನಿಂದ ಕೂರಿಸಿದ್ದೂ, ಎಂಜಿನ್ನನ್ನು ಮತ್ತೆ ಓಡಿಸಿದ್ದೂ ಆಕೆಯೇ. ಅದು ಓಡುತ್ತಿರುವಾಗ ಅವರು ಬಾವಿಯ ಕಡೆಗೆ ತಲೆ ಹಾಕುತ್ತಿರಲಿಲ್ಲ.

ಯಾರನ್ನೂ ಏನನ್ನೂ ಕೇಳದವರನ್ನು ನಮ್ಮ ಜನ ದೊಡ್ಡ ಮನುಷ್ಯರೆಂದು ಕರೆಯುತ್ತಾರೆ. ಅಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ನೆಟ್ಟಗೆ ಕೂರುತ್ತಾರೆ, ಮರದ ನೆತ್ತಿಯನ್ನು ನೋಡುತ್ತಾರೆ, ಅವರ ಕೈ ಯಾರ ಮುಂದೆಯೂ ಚಾಚಿದ್ದಿಲ್ಲವೆಂದು ಅವರು ಸತ್ತ ಮೇಲೂ ಊರಿನವರು ಹೇಳುತ್ತಾರೆ. ಅವರಿಗೂ ಎಲ್ಲರಂತೆ ಬಾಯಾರಿಕೆಯಿರುತ್ತದೆ. ಅವರು ಕೇಳದೆ ಉಳಿಸಿಕೊಂಡ ಮಾನಕ್ಕಾಗಿ ಒಳಮನೆಯಲ್ಲಿ ಒಬ್ಬ ಹೆಂಗಸು ಹಗಲೆಲ್ಲ ಕಿವಿ ನಿಮಿರಿಸಿಕೊಂಡಿರಬೇಕಾಗುತ್ತದೆ. ಆ ಕಿವಿ ಇಲ್ಲದ ಕಡೆ, ನಡುಬೀದಿಯಲ್ಲಿ ಇನ್ನೊಬ್ಬನು ತನ್ನ ಪಂಚೆಯನ್ನು ಕೊಡವಿ ತೋರಿಸಬೇಕಾಗುತ್ತದೆ.